ಕುದುರೆಗೆ ಹೊಟ್ಟೆಶೂಲೆ, ಗಾಯ: ಆಪರೇಷನ್ ಬೇಕೋ ಬೇಡವೋ ಅಂತ ಗುರುತಿಸುವುದು ಹೇಗೆ

ಮೊದಲು ನಮ್ಮ ಮನೆಯ ಕತೆ ಹೇಳಿಬಿಡುತ್ತೇನೆ. ಬೀದರಿನಲ್ಲಿ ನಮ್ಮದು ಮದುವೆ ಮೆರವಣಿಗೆಗೆ ಕುದುರೆ ಕೊಡುವ ಮನೆ. ಅಜ್ಜನ ಕಾಲದಲ್ಲಿ ಟಾಂಗಾ ಇತ್ತು. ಈಗ ಮೂರು ಕುದುರೆ ಇವೆ. ನಾಲ್ಕನೆಯದು ಚಾಂದನಿ ಅಂತ ಬಿಳಿ ಹೆಣ್ಣುಕುದುರೆ ಇತ್ತು. ಒಂದು ಮೇ ತಿಂಗಳ ರಾತ್ರಿ ಹನ್ನೊಂದಕ್ಕೆ ಮೆರವಣಿಗೆ ಮುಗಿಸಿ ಬಂದವಳು ಮುಂಗಾಲಿನಿಂದ ನೆಲ ಕೆರೆಯಲು ಶುರು ಮಾಡಿದಳು. ಮತ್ತೆ ಮತ್ತೆ ಕತ್ತು ತಿರುಗಿಸಿ ಪಕ್ಕೆ ನೋಡಿಕೊಳ್ಳುತ್ತಿದ್ದಳು. ಔಷಧಿ ಅಂಗಡಿಯಿಂದ ನೋವಿನ ಇಂಜೆಕ್ಷನ್ ತಂದು ಹಾಕಿದೆವು. ಅರ್ಧ ಗಂಟೆಯಲ್ಲಿ ಸುಮ್ಮನಾದಳು. ನಾವೂ ಮಲಗಿದೆವು.

ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಮೈಯೆಲ್ಲ ತಣ್ಣನೆ ಬೆವರು. ತುಟಿ ಎತ್ತಿ ನೋಡಿದರೆ ಒಸಡು ನೇರಳೆ ಹಣ್ಣಿನ ಬಣ್ಣ. ಡಾಕ್ಟರ್ ಬಂದು ಹೊಟ್ಟೆಯ ತಳಕ್ಕೆ ಸೂಜಿ ಹಾಕಿ ಒಳಗಿನ ನೀರು ತೆಗೆದರು. ಕುಂಕುಮ ಕದಡಿದ ನೀರಿನ ಹಾಗೆ ಇತ್ತು. "ಕರುಳು ತಿರುಚಿಕೊಂಡು ಸತ್ತುಹೋಗಿದೆ. ರಾತ್ರಿ ಹನ್ನೊಂದಕ್ಕೆ ನಾಡಿ ಎಷ್ಟಿತ್ತು?" ಅಂತ ಕೇಳಿದರು. ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ.

ಆ ಪ್ರಶ್ನೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಆ ದಿನದಿಂದ ಡಾಕ್ಟರ್ ಪಕ್ಕ ನಿಂತು, ಕೇಳಿ, ನೋಡಿ, ಬರೆದಿಟ್ಟುಕೊಂಡು ಬಂದಿದ್ದೇನೆ. ಚಿಕಿತ್ಸೆ ಅವರ ಕೆಲಸ. ಇದು ಯಾವ ತರಹದ ನೋವು ಅಂತ ಬೇಗ ಗುರುತಿಸಿ, ಸರಿಯಾದ ಮಾತನ್ನು ಸರಿಯಾದ ಹೊತ್ತಿಗೆ ಅವರಿಗೆ ತಲುಪಿಸುವುದು ಕುದುರೆ ಸಾಕಿದವರ ಕೆಲಸ. ಕರುಳಿಗೆ ರಕ್ತ ನಿಂತರೆ ಅದು ಹೆಚ್ಚು ಹೊತ್ತು ಬದುಕುವುದಿಲ್ಲ. ನಾಲ್ಕಾರು ಗಂಟೆಯಲ್ಲಿ ಆ ಭಾಗ ಸಾಯುತ್ತದೆ. ನಾವು ಆ ರಾತ್ರಿ ಕಳೆದದ್ದು ಆರು ಗಂಟೆ.

ಮೊದಲ ಹತ್ತು ನಿಮಿಷ

ಕುದುರೆ ನೆಲ ಕೆರೆಯುತ್ತಿದೆ, ಪಕ್ಕೆ ನೋಡುತ್ತಿದೆ, ಮೇಲ್ತುಟಿ ಸುರುಳಿ ಮಾಡುತ್ತಿದೆ, ಉಚ್ಚೆ ಹೊಯ್ಯುವ ಹಾಗೆ ಮೈ ಚಾಚಿ ನಿಂತು ಹೊಯ್ಯುತ್ತಿಲ್ಲ, ಮಲಗಿ ಎದ್ದು ಮಾಡುತ್ತಿದೆ, ಹೊರಳುತ್ತಿದೆ. ಇಷ್ಟರಲ್ಲಿ ಯಾವುದು ಕಂಡರೂ ಮುಂದಿನ ಮೇವನ್ನೆಲ್ಲ ತೆಗೆಯಿರಿ. ಬಾಯಿಗೆ ಏನೂ ಹಾಕಬೇಡಿ. ಆಮೇಲೆ ಎಣಿಸಿ.

ನಾಡಿ ಸಿಗುವುದು ಕೆಳದವಡೆಯಲ್ಲಿ. ದವಡೆಯ ಎಲುಬಿನ ಒಳ ಅಂಚಿಗೆ ಎರಡು ಬೆರಳು ಒತ್ತಿ ಹಿಂದೆ ಮುಂದೆ ಸರಿಸಿದರೆ ಪೆನ್ಸಿಲಿನಂಥ ಒಂದು ನಾಳ ಬೆರಳ ಕೆಳಗೆ ಉರುಳುತ್ತದೆ. ಅದನ್ನು ಎಲುಬಿಗೆ ಮೆತ್ತಗೆ ಒತ್ತಿ ಹಿಡಿಯಿರಿ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಆರಾಮಾಗಿರುವ ಕುದುರೆಯಲ್ಲಿ ನಿಮಿಷಕ್ಕೆ 28ರಿಂದ 44. ಇದನ್ನು ಕುದುರೆ ಚೆನ್ನಾಗಿರುವಾಗಲೇ ಹತ್ತು ಸಲ ಅಭ್ಯಾಸ ಮಾಡಿಕೊಳ್ಳಿ. ರಾತ್ರಿ, ಹೊರಳಾಡುವ ಕುದುರೆಯ ಮೇಲೆ ಮೊದಲ ಸಲ ಹುಡುಕಿದರೆ ಸಿಗುವುದಿಲ್ಲ.

ಆಮೇಲೆ ಮೇಲ್ತುಟಿ ಎತ್ತಿ ಒಸಡು ನೋಡಿ. ನಸುಗೆಂಪಾಗಿ, ಒದ್ದೆಯಾಗಿ ಇರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಣಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಇಟ್ಟಿಗೆ ಕೆಂಪಾಗಿದ್ದರೆ, ಹಲ್ಲಿನ ಬುಡದಲ್ಲಿ ನೇರಳೆ ಗೆರೆ ಕಂಡರೆ ವಿಷ ರಕ್ತಕ್ಕೆ ಇಳಿಯುತ್ತಿದೆ ಅಂತ ಅರ್ಥ.

ಮೂರನೆಯದು ಹೊಟ್ಟೆಯ ಸದ್ದು. ಕುದುರೆಯ ಪಕ್ಕೆಗೆ ಕಿವಿ ಹಚ್ಚಿ, ಎಡಕ್ಕೆ ಮೇಲೆ ಕೆಳಗೆ, ಬಲಕ್ಕೆ ಮೇಲೆ ಕೆಳಗೆ, ಒಂದೊಂದು ಕಡೆ ಒಂದೊಂದು ನಿಮಿಷ ಕೇಳಿ. ಗುಡುಗುಡು ಅನ್ನುವುದು ಒಳ್ಳೆಯದೇ. ನಾಲ್ಕೂ ಕಡೆ ಮೌನವಾಗಿದ್ದರೆ ಹೆದರಬೇಕು. ನಮ್ಮವರು ಸಾಮಾನ್ಯವಾಗಿ ಉಲ್ಟಾ ತಿಳಿದುಕೊಳ್ಳುತ್ತಾರೆ, ಸದ್ದು ಜಾಸ್ತಿ ಬಂದರೆ ಗಾಬರಿ, ಸದ್ದಿಲ್ಲದಿದ್ದರೆ ನಿರಾಳ.

ಜ್ವರ ನೋಡಿ. 37.5ರಿಂದ 38.5 ಡಿಗ್ರಿ ಸರಿ. ಲದ್ದಿ ನೋಡಿ. ಆರೋಗ್ಯದ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ಕೊನೆಯ ಲದ್ದಿ ಯಾವಾಗ ಹಾಕಿತು, ಒಣಗಿ ಗಟ್ಟಿಯಾಗಿತ್ತಾ, ಮೇಲೆ ಲೋಳೆ ಅಂಟಿತ್ತಾ ಅಂತ ನೆನಪಿಟ್ಟುಕೊಳ್ಳಿ.

ಗಂಡುಕುದುರೆ ಆದರೆ ಇನ್ನೊಂದು ಕೆಲಸ ಇದೆ, ಬಹಳ ಜನ ಮರೆಯುತ್ತಾರೆ. ಬೀಜದ ಚೀಲ ಮುಟ್ಟಿ ನೋಡಿ. ಒಂದು ಕಡೆ ಊದಿ, ಗಟ್ಟಿಯಾಗಿ, ತಣ್ಣಗಿದ್ದರೆ ಕರುಳು ಅಲ್ಲಿಗೆ ಇಳಿದು ಸಿಕ್ಕಿಕೊಂಡಿರಬಹುದು. ನಮ್ಮ ಕಡೆ ಗಂಡುಕುದುರೆಗೆ ಬೀಜ ಒಡೆಸದೆ ಇಟ್ಟುಕೊಳ್ಳುವುದೇ ಜಾಸ್ತಿ, ಹಾಗಾಗಿ ಈ ತೊಂದರೆ ಬರಬಹುದು ಅಂತ ಸದಾ ತಲೆಯಲ್ಲಿಟ್ಟುಕೊಳ್ಳಿ. ಇದು ಕತ್ತರಿ ಹಿಡಿಯಲೇಬೇಕಾದ ಕೆಲಸ. ಒಂದು ಗಂಟೆ ಕಾದು ನೋಡೋಣ ಅನ್ನುವ ಮಾತೇ ಇಲ್ಲ.

ಈಗ ಫೋನ್ ಮಾಡಿ. ನಿಮ್ಮ ಡಾಕ್ಟರ್ ಸಿಗದಿದ್ದರೆ ಪಶು ಸಹಾಯವಾಣಿಯ 1962 ಸಂಖ್ಯೆ ಇದೆ. "ಕುದುರಿಗೆ ಹೊಟ್ಟಿ ನೋವಾಗ್ಯದ, ಲಗೂನ ಬರ್ರಿ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಈಗ ಹೀಗೆ ಹೇಳುತ್ತೇವೆ: "ಸರ್, ಹತ್ತು ಗಂಟೆಗೆ ಶುರುವಾಗ್ಯದ. ನಾಡಿ ಐವತ್ತಾರು ಅದ. ಒಸಡು ಗುಲಾಬಿ ಅದ, ಸ್ವಲ್ಪ ಒಣಗ್ಯದ. ಎಡಗಡೆ ಸದ್ದು ಇಲ್ಲ. ಮುಂಜಾನಿಂದ ಲದ್ದಿ ಹಾಕಿಲ್ಲ. ಏನೂ ಔಷಧಿ ಕೊಟ್ಟಿಲ್ಲ." ಇಷ್ಟು ಕೇಳಿದರೆ ಅವರು ದಾರಿಯಲ್ಲೇ ಅರ್ಧ ತೀರ್ಮಾನ ಮಾಡಿಕೊಂಡು ಬರುತ್ತಾರೆ. ಬರುವಾಗ ಏನು ತರಬೇಕು ಅಂತಲೂ ಗೊತ್ತಾಗುತ್ತದೆ.

ಕುದುರೆಯ ಹೊಟ್ಟೆ ದನದ ಹೊಟ್ಟೆ ಅಲ್ಲ

ನಮ್ಮ ಜಿಲ್ಲೆಗಳಲ್ಲಿ ದನ, ಎಮ್ಮೆ, ಕುರಿ ಸಾಕಿ ರೂಢಿ. ಆ ರೂಢಿಯ ಮನೆಮದ್ದನ್ನೇ ಕುದುರೆಗೂ ಹಾಕುತ್ತೇವೆ. ಅಲ್ಲೇ ಎಡವುತ್ತೇವೆ.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವ ಜಾಗದ ಸ್ನಾಯು ಅಷ್ಟು ಬಿಗಿ, ಒಳಗೆ ಹೋದದ್ದು ಹಿಂದಕ್ಕೆ ಬರಲಾರದು. ಜಠರವೂ ಸಣ್ಣದು, 8ರಿಂದ 15 ಲೀಟರ್ ಅಷ್ಟೇ. ಮುಂದೆ ಸಣ್ಣ ಕರುಳು 20 ಮೀಟರಿಗೂ ಉದ್ದ. ಅದು ಕಟ್ಟಿಕೊಂಡರೆ ರಸವೆಲ್ಲ ಹಿಂದಕ್ಕೆ ಜಠರಕ್ಕೆ ತುಂಬುತ್ತದೆ, ಹೊರಗೆ ಬರುವ ದಾರಿ ಇಲ್ಲ, ಕೊನೆಗೆ ಜಠರವೇ ಒಡೆಯುತ್ತದೆ. ಒಡೆದಾಗ ಏನಾಗುತ್ತದೆ ಗೊತ್ತಾ? ಒದ್ದಾಡುತ್ತಿದ್ದ ಕುದುರೆ ತಟಕ್ಕನೆ ಶಾಂತವಾಗುತ್ತದೆ. ಮನೆಯವರು ಕೈಮುಗಿದು "ವಾಸಿ ಆತು" ಅನ್ನುತ್ತಾರೆ. ನಾಡಿ ಮುಟ್ಟಿದರೆ 100 ದಾಟಿರುತ್ತದೆ. ಅದಕ್ಕೇ ನೋವು ನಿಂತ ಮೇಲೂ ನಾಡಿ ಎಣಿಸಿ. ನೋವು ನಿಂತು ನಾಡಿಯೂ ಇಳಿದಿದ್ದರೆ ಮಾತ್ರ ಉಸಿರು ಬಿಡಿ.

ದೊಡ್ಡ ಕರುಳಿನ ಕತೆ ಬೇರೆ. ಮೂರು ನಾಲ್ಕು ಮೀಟರ್ ಉದ್ದದ ದಪ್ಪ ಕೊಳವೆ ಎರಡು ಮಡಿಕೆಯಾಗಿ ಹೊಟ್ಟೆಯೊಳಗೆ ಕೂತಿದೆ. ಹೆಚ್ಚಿನ ಭಾಗ ಎಲ್ಲಿಗೂ ಅಂಟಿಕೊಂಡಿಲ್ಲ, ತೇಲುತ್ತಿರುತ್ತದೆ. ಗಾಳಿ ತುಂಬಿದರೆ ಜಾಗ ಬಿಟ್ಟು ಸರಿಯುತ್ತದೆ, ಒಮ್ಮೊಮ್ಮೆ ಪೂರ್ತಿ ತಿರುಚಿಕೊಳ್ಳುತ್ತದೆ. ಮರಿ ಹಾಕಿದ ಮೇಲಿನ ವಾರಗಳಲ್ಲಿ ಹೆಣ್ಣುಕುದುರೆಗೆ ಈ ಅಪಾಯ ಜಾಸ್ತಿ. ಇನ್ನು ಎಡಗಡೆ, ಸೊಂಟದ ಹತ್ತಿರ, ಅದೇ ಕೊಳವೆ ಹಿಂತಿರುಗುವ ತಿರುವಿನಲ್ಲಿ ಕಿರಿದಾಗುತ್ತದೆ. ಒಣ ಮೇವು ಕಟ್ಟಿಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಹೀಗಾಗಿ ಬಾಟಲಿಯಿಂದ ಎಣ್ಣೆ ಕುಡಿಸುವುದು, ಸಾರಾಯಿ ಹೊಯ್ಯುವುದು, ಇಂಗು ಕಲಸಿದ ನೀರು ಹಾಕುವುದು ಬೇಡ. ತಲೆ ಎತ್ತಿ ಹಿಡಿದು ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹೊಟ್ಟೆಶೂಲೆಯಿಂದ ಉಳಿದ ಕುದುರೆ ಇದರಿಂದ ಹೋಗುತ್ತದೆ. ಗುದದ್ವಾರಕ್ಕೆ ಕೈ ಹಾಕಿ ಲದ್ದಿ ತೆಗೆಯುವವರೂ ಇದ್ದಾರೆ. ಕುದುರೆಯ ಆ ಕರುಳು ಬಹಳ ಸುಲಭವಾಗಿ ಹರಿಯುತ್ತದೆ. ಅದು ಡಾಕ್ಟರ್ ಕೈಯೇ ಆಗಬೇಕು.

ನೋವಿನ ಇಂಜೆಕ್ಷನ್ ಬಗ್ಗೆ ನಮ್ಮ ಅನುಭವ ಮೇಲೆ ಹೇಳಿದೆ. ಅದು ನೋವು ಮುಚ್ಚುತ್ತದೆ, ತಿರುಚಿದ ಕರುಳು ಬಿಚ್ಚುವುದಿಲ್ಲ. ಡೈಕ್ಲೋಫೆನಾಕ್ ಅನ್ನುವ ನೋವಿನ ಮದ್ದಂತೂ, ಅದನ್ನು ಹಾಕಿದ ಪ್ರಾಣಿಯ ಹೆಣ ತಿಂದ ರಣಹದ್ದುಗಳು ಸಾಯುತ್ತವೆ ಅಂತ 2006ರಲ್ಲೇ ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ನಿಷೇಧವಾಗಿದೆ. ಡಾಕ್ಟರ್ ಕೊಡುವ ಫ್ಲುನಿಕ್ಸಿನ್ ಒಳ್ಳೆಯ ಮದ್ದು. ಆದರೆ ಕೊಟ್ಟ ಗಂಟೆ ಬರೆದಿಡಬೇಕು. ಕೊಟ್ಟ ಮೇಲೂ ಒಂದೆರಡು ಗಂಟೆಯಲ್ಲಿ ನೋವು ಮರಳಿತು ಅಂದರೆ ಅದೇ ಒಂದು ರೋಗನಿರ್ಣಯ. ಅಂಥ ಕುದುರೆಗೆ ಎರಡನೇ ಡೋಸ್ ಕೇಳಬೇಡಿ, ಮುಂದಿನ ಆಸ್ಪತ್ರೆ ಕೇಳಿ.

ನಡೆಸಬೇಕಾ? ಹೊರಳಿ ಗೋಡೆಗೆ ಬಡಿದುಕೊಳ್ಳುತ್ತಿದ್ದರೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆಸಿ. ಸುಮ್ಮನೆ ಮಲಗಿದ್ದರೆ ಮಲಗಲಿ. ರಾತ್ರಿಯಿಡೀ ನಡೆಸಿ ಸುಸ್ತು ಮಾಡಬೇಡಿ, ಆಪರೇಷನ್ ಟೇಬಲ್ಲಿಗೆ ಹೋಗಬೇಕಾದ ಕುದುರೆಗೆ ಆ ಶಕ್ತಿ ಬೇಕು.

ಯಾವ ನೋವು ಯಾವುದರಿಂದ

ನಾಡಿ 50ರ ಒಳಗೆ, ಒಸಡು ಚೆನ್ನಾಗಿದೆ, ಹೊಟ್ಟೆ ಗುಡುಗುಡು ಅನ್ನುತ್ತಿದೆ, ನೋವು ಬಂದು ಹೋಗಿ ಮಾಡುತ್ತಿದೆ. ಇದು ಹೆಚ್ಚಾಗಿ ಕರುಳು ಹಿಡಿದುಕೊಂಡ ನೋವು ಅಥವಾ ಗಾಳಿ. ಡಾಕ್ಟರ್ ಒಂದು ಇಂಜೆಕ್ಷನ್ನಿನಲ್ಲಿ ಇಳಿಸುತ್ತಾರೆ. ಹೆಚ್ಚಿನ ಹೊಟ್ಟೆಶೂಲೆ ಈ ಗುಂಪಿನದೇ, ಅದು ಸಮಾಧಾನದ ವಿಷಯ.

ನೋವು ಮಂದ, ದಿನವಿಡೀ ಎಳೆಯುತ್ತಿದೆ, ಲದ್ದಿ ಕಡಿಮೆ, ಬಂದರೂ ಒಣ ಉಂಡೆ. ಮೇವು ಕಟ್ಟಿದೆ ಅಂತ ಅನುಮಾನಿಸಿ. ನಮ್ಮ ಬೇಸಿಗೆಯಲ್ಲಿ ಇದು ಪದೇ ಪದೇ ಬರುತ್ತದೆ. ಕಲಬುರಗಿ, ಯಾದಗಿರಿ ಕಡೆ ಏಪ್ರಿಲ್ ಮೇನಲ್ಲಿ 42, 43 ಡಿಗ್ರಿ ಬಿಸಿಲು. ತೊಟ್ಟಿಯ ನೀರು ಕಾದು ಬಿಸಿಯಾಗಿರುತ್ತದೆ, ಕುದುರೆ ಮೂಗಿಟ್ಟು ಬಿಟ್ಟುಬಿಡುತ್ತದೆ. ಮೇವು ನೋಡಿದರೆ ಒಣ ಜೋಳದ ಕಣಿಕೆ, ತೊಗರಿ ಹೊಟ್ಟು. ದಿನಕ್ಕೆ 25ರಿಂದ 50 ಲೀಟರ್ ನೀರು ಬೇಕಾದ ಪ್ರಾಣಿ ಹತ್ತು ಲೀಟರ್ ಕುಡಿದು ಒಣ ಕಣಿಕೆ ತಿಂದರೆ ಆ ಕಿರಿದಾದ ತಿರುವಿನಲ್ಲಿ ಕಟ್ಟದೇ ಇರುತ್ತದಾ? ತೊಟ್ಟಿಯನ್ನು ನೆರಳಿಗೆ ಸರಿಸಿ. ಕಣಿಕೆ ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ ಕೊಡಿ. ಬೆವರುವ ಕುದುರೆಗೆ ದಿನಕ್ಕೆ ಒಂದು ಹಿಡಿ ಉಪ್ಪು ಬೇಕು. ಬೆವರಿದ ಕುದುರೆಗೆ ನೀರು ತೋರಿಸಬಾರದು ಅಂತ ನಮ್ಮ ಅಜ್ಜನೂ ಹೇಳುತ್ತಿದ್ದರು. ಅದನ್ನು ಬಿಟ್ಟುಬಿಡಿ. ಎರಡು ಮೂರು ಲೀಟರ್ ಕುಡಿಸಿ, ಸ್ವಲ್ಪ ನಡೆಸಿ, ಮತ್ತೆ ಕುಡಿಸಿ. ಬಾಯಾರಿದ ಕುದುರೆಯನ್ನು ಗಂಟೆಗಟ್ಟಲೆ ಒಣಗಿಸುವುದೇ ಅಪಾಯ.

ಮೇವು ಕಟ್ಟುವುದಕ್ಕೆ ಹಲ್ಲೂ ಕಾರಣ. ಅಗಿದ ಉಂಡೆಯನ್ನು ಬಾಯಿಂದ ಉಗುಳುತ್ತಿದ್ದರೆ, ಲದ್ದಿಯಲ್ಲಿ ಇಡೀ ಕಾಳು, ಉದ್ದ ನಾರು ಕಂಡರೆ ದವಡೆ ಹಲ್ಲು ಚೂಪಾಗಿವೆ. ವರ್ಷಕ್ಕೊಮ್ಮೆ ಉಜ್ಜಿಸಬೇಕು.

ಮರಳು ಇನ್ನೊಂದು. ನೆಲದ ಮೇಲೆ ಮೇವು ಹಾಕಿದರೆ ನಮ್ಮ ಬೀದರಿನ ಕೆಂಪು ಮೊರಮು ಮಣ್ಣು ಮೇವಿನ ಜೊತೆಗೇ ಹೊಟ್ಟೆಗೆ ಹೋಗುತ್ತದೆ. ಪರೀಕ್ಷೆ ಸುಲಭ. ನೆಲಕ್ಕೆ ತಾಗದ ನಾಲ್ಕೈದು ಲದ್ದಿ ಉಂಡೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೀರು ತುಂಬಿ ಕಲಸಿ, ಕಾಲು ಗಂಟೆ ತೂಗುಹಾಕಿ. ಚೀಲದ ಮೂಲೆ ಹಿಸುಕಿ ನೋಡಿದರೆ ಮರಳು ಚರಚರ ಅನ್ನುತ್ತದೆ. ಸಿಗದಿದ್ದರೆ ಮರಳಿಲ್ಲ ಅಂತ ಅಲ್ಲ. ಸಿಕ್ಕರೆ ಮಾತ್ರ ಖಾತ್ರಿ.

ಕಾಳಿನ ವಿಷಯಕ್ಕೆ ಬರುತ್ತೇನೆ. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದು ಗಂಡುಕುದುರೆ ಹಿಡಿದುಕೊಂಡು ಹಡಗು ಹತ್ತಿ ಬಂದ, ಕೊನೆಗೆ ಅದನ್ನು ನಮ್ಮ ಬೀದರಿನಲ್ಲೇ ಮಾರಿದ. ಆಗ ಇದು ಬಹಮನಿ ಸುಲ್ತಾನರ ರಾಜಧಾನಿ. ಆಳಂದದ ಜಾತ್ರೆಯಲ್ಲಿ ಸಾವಿರಗಟ್ಟಲೆ ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಬರೆದಿಟ್ಟಿದ್ದಾನೆ. ಇಲ್ಲಿಯವರು ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಅಂತಲೂ ಬರೆದಿದ್ದಾನೆ. ಐನೂರೈವತ್ತು ವರ್ಷ ಆಯಿತು, ನಾವು ಇನ್ನೂ ಅದೇ ಪ್ರೀತಿಯಲ್ಲಿ ಕಡಲೆ ತಿನ್ನಿಸುತ್ತಿದ್ದೇವೆ! ಅದರ ಮೇಲೆ ಮದುವೆ ಮನೆಯವರು ಅನ್ನ, ಪೂರಿ, ಬೂಂದಿ ತಂದು ಬಾಯಿಗಿಡುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಕುದುರೆಯ ಹೊಟ್ಟೆಗೆ ನಾರು ಮುಖ್ಯ, ಹಿಟ್ಟಿನಂಶ ಒಮ್ಮೆಗೇ ಜಾಸ್ತಿ ಹೋದರೆ ಅದು ಹುಳಿತು ಗಾಳಿ ತುಂಬುತ್ತದೆ. ಒಂದೆರಡು ದಿನದಲ್ಲಿ ಗೊರಸಿನ ಒಳಗೆ ಉರಿ ಬಂದು ಕಾಲೇ ಊರಲಾಗದ ಹಾಗೆ ಆಗಬಹುದು. 300 ಕಿಲೋ ತೂಗುವ ನಮ್ಮ ಕುದುರೆಗೆ ಒಂದು ಹೊತ್ತಿಗೆ ಒಂದು ಕಿಲೋ, ಹೆಚ್ಚೆಂದರೆ ಒಂದೂವರೆ ಕಿಲೋ ಕಾಳು ಸಾಕು. ಮೇವು ಬದಲಿಸುವುದಿದ್ದರೆ ಏಳು ಹತ್ತು ದಿನ ತೆಗೆದುಕೊಂಡು ಮೆಲ್ಲಗೆ ಬದಲಿಸಿ.

ಮರಿಗಳ ಬಗ್ಗೆ ಒಂದೇ ಮಾತು. ಹೊಟ್ಟೆ ಡೊಳ್ಳಾಗಿ, ಕೂದಲು ಒರಟಾಗಿದ್ದರೆ ಜಂತುಹುಳು ತುಂಬಿವೆ. ಒಮ್ಮೆಗೇ ಜೋರು ಔಷಧಿ ಕೊಟ್ಟರೆ ಸತ್ತ ಹುಳುಗಳೇ ಗಂಟಾಗಿ ಕರುಳು ಕಟ್ಟುತ್ತವೆ. ಡಾಕ್ಟರನ್ನು ಕೇಳಿ ಕೊಡಿ.

ಈಗ ಕೆಟ್ಟ ಗುಂಪು. ನೋವು ಜೋರು, ನಿಲ್ಲದ್ದು. ನಾಡಿ 60 ದಾಟಿ ಪ್ರತಿ ಅರ್ಧ ಗಂಟೆಗೂ ಏರುತ್ತಿದೆ. ಒಸಡಿನ ಬಣ್ಣ ಕೆಡುತ್ತಿದೆ. ಸದ್ದಿಲ್ಲ. ಹೊಟ್ಟೆ ಎರಡೂ ಕಡೆ ಉಬ್ಬಿದೆ. 80 ದಾಟಿದರೆ ಕರುಳು ತಿರುಚಿದೆ ಅಥವಾ ಸಿಕ್ಕಿಕೊಂಡಿದೆ ಅಂತಲೇ ತಿಳಿದು ಗಾಡಿ ಕರೆಸಿ. ವಯಸ್ಸಾದ ಕುದುರೆಯಲ್ಲಿ ಹೊಟ್ಟೆಯೊಳಗಿನ ಕೊಬ್ಬಿನ ಗೆಡ್ಡೆ ದಾರದ ಹಾಗೆ ಜೋತು ಕರುಳಿಗೆ ಸುತ್ತಿಕೊಳ್ಳುವುದೂ ಉಂಟು. ಕಾರಣ ಯಾವುದಾದರೂ ಇರಲಿ, ಬಿಚ್ಚಲು ಹೊಟ್ಟೆ ತೆರೆಯಲೇಬೇಕು.

ಡಾಕ್ಟರ್ ಬಂದ ಮೇಲೆ

ಅವರು ಮಾಡುವ ಮೂರು ಪರೀಕ್ಷೆ ಯಾಕೆ ಅಂತ ಗೊತ್ತಿದ್ದರೆ ನೀವು ಅಡ್ಡ ಬರುವುದಿಲ್ಲ. ಮೂಗಿನಿಂದ ಜಠರಕ್ಕೆ ನಳಿಗೆ ಇಳಿಸುತ್ತಾರೆ. ಎರಡು ಲೀಟರಿಗಿಂತ ಜಾಸ್ತಿ ರಸ ಹಿಂದಕ್ಕೆ ಬಂದರೆ ಸಣ್ಣ ಕರುಳು ಮುಂದಕ್ಕೆ ದೂಡುತ್ತಿಲ್ಲ. ಹಾಗಿದ್ದಾಗ ಎಣ್ಣೆ ಹಾಕಬಾರದು, ನೀರೂ ಕುಡಿಸಬಾರದು. ರಸ ಬಾರದೆ, ಮೇವು ಕಟ್ಟಿದ್ದು ಖಾತ್ರಿಯಾದರೆ ಅದೇ ನಳಿಗೆಯಲ್ಲಿ ನೀರು, ಲಿಕ್ವಿಡ್ ಪ್ಯಾರಾಫಿನ್ ಹೋಗುತ್ತದೆ. ಇದಕ್ಕೆ ಕತ್ತರಿ ಬೇಡ. ಒಂದೆರಡು ದಿನ ತಾಳ್ಮೆ ಬೇಕು, ಆ ದಿನಗಳಲ್ಲಿ ಮೇವು ಹಾಕಬಾರದು. ಆಮೇಲೆ ಗುದದಿಂದ ಕೈ ಹಾಕಿ ನೋಡುತ್ತಾರೆ. ಗಟ್ಟಿ ಮೇವು ಸಿಕ್ಕಿತಾ, ಸೈಕಲ್ ಟ್ಯೂಬಿನ ಹಾಗೆ ಉಬ್ಬಿದ ಕರುಳು ಸಿಕ್ಕಿತಾ ಅನ್ನುವುದರಲ್ಲೇ ಬಹಳಷ್ಟು ತೀರ್ಮಾನವಾಗುತ್ತದೆ. ಕೊನೆಯದು ಹೊಟ್ಟೆಯ ನೀರು. ತೆಳು ಹಳದಿಯಾಗಿ, ಅದರ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದುವ ಹಾಗಿದ್ದರೆ ಒಳ್ಳೆಯದು. ಕೆಂಪಾದರೆ ಕರುಳು ಉಸಿರುಗಟ್ಟಿದೆ. ಹಸಿರಾಗಿ ಮೇವಿನ ಚೂರು ಬಂದರೆ ಒಡೆದಿದೆ, ಆಗ ಆಪರೇಷನ್ನಿಗೂ ಅರ್ಥವಿಲ್ಲ. ನರಳಿಸದೆ ಕಳಿಸಿಕೊಡುವುದೇ ನಾವು ಆ ಕುದುರೆಗೆ ಮಾಡಬಹುದಾದ ಕೊನೆಯ ಉಪಕಾರ. ಬರೆಯುವಾಗಲೂ ಕೈ ನಡುಗುತ್ತದೆ, ಆದರೆ ಹೇಳಲೇಬೇಕು.

ಸರಿದ ಕರುಳಿಗೆಲ್ಲ ಚಾಕು ಬೇಕಾಗಿಲ್ಲ. ಎಡಪಕ್ಕೆಯಲ್ಲಿರುವ ಗುಲ್ಮ ಅನ್ನುವ ಅಂಗದ ಮೇಲೆ ನೇತುಬಿದ್ದ ಕರುಳು ಇಂಜೆಕ್ಷನ್ ಕೊಟ್ಟು ಓಡಿಸಿದರೆ ಕೆಲವೊಮ್ಮೆ ತಾನೇ ಇಳಿಯುತ್ತದೆ. ಅದನ್ನು ತೀರ್ಮಾನಿಸುವುದು ಅವರ ಕೈ.

ಹೊಟ್ಟೆ ತೆರೆಯುವುದು ಎಲ್ಲ ಕಡೆ ಆಗುವ ಕೆಲಸ ಅಲ್ಲ. ಬೀದರಿನ ನಂದಿನಗರದಲ್ಲಿ ಪಶುವೈದ್ಯ ಕಾಲೇಜು, ಅದರ ಆಸ್ಪತ್ರೆ ಇದೆ. ಮೊದಲು ಅಲ್ಲಿಗೆ ಫೋನ್ ಮಾಡಿಸಿ. ರೇಸ್ ನಡೆಯುವ ಹೈದರಾಬಾದ್, ಪುಣೆ, ಬೆಂಗಳೂರಿನಂಥ ಊರುಗಳಲ್ಲಿ ಕುದುರೆಯನ್ನೇ ನೋಡುವ ಡಾಕ್ಟರ್‌ಗಳಿದ್ದಾರೆ. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಯಾರು ರಾತ್ರಿ ತೆಗೆದುಕೊಳ್ಳುತ್ತಾರೆ, ಎಷ್ಟು ಖರ್ಚು ಅಂತ ಕುದುರೆ ಚೆನ್ನಾಗಿರುವಾಗಲೇ ವಿಚಾರಿಸಿ ಲಾಯದ ಗೋಡೆಗೆ ಬರೆದಿಡಿ. ಹೊರಡುವ ಮೊದಲು ಜಠರ ಖಾಲಿ ಮಾಡಿಸಿಕೊಳ್ಳಿ. ರಸ ತುಂಬುತ್ತಿದ್ದರೆ ನಳಿಗೆಯನ್ನು ಮೂಗಿನಲ್ಲೇ ಕಟ್ಟಿ ಕಳಿಸುತ್ತಾರೆ, ದಾರಿಯಲ್ಲಿ ಕಿತ್ತು ಹಾಕಬೇಡಿ. ಗಾಡಿಯಲ್ಲಿ ದಪ್ಪಗೆ ಹುಲ್ಲು ಹಾಸಿ.

ಟೇಬಲ್ ಮೇಲೆ ಏನಾಗುತ್ತದೆ? ಅರಿವಳಿಕೆ ಕೊಟ್ಟು, ಅಂಗಾತ ಮಲಗಿಸಿ, ಹೊಟ್ಟೆಯ ನಡುಗೆರೆಯಲ್ಲಿ ಒಂದು ಮೊಳದಷ್ಟು ಕೊಯ್ಯುತ್ತಾರೆ. ಮೊದಲು ಸೂಜಿಯಿಂದ ಗಾಳಿ ತೆಗೆಯುತ್ತಾರೆ. ದೊಡ್ಡ ಕರುಳನ್ನು ಹೊರಗೆ ಎಳೆದು, ಆ ಕಿರಿದಾದ ತಿರುವಿನಲ್ಲಿ ಸೀಳಿ, ಪೈಪಿನಿಂದ ನೀರು ಬಿಟ್ಟು ತೊಳೆಯುತ್ತಾರೆ. ತಿರುಚಿದ್ದನ್ನು ಬಿಚ್ಚುತ್ತಾರೆ. ಸತ್ತ ಭಾಗ ಕತ್ತರಿಸಿ ಎರಡು ತುದಿ ಜೋಡಿಸುತ್ತಾರೆ. ಅಷ್ಟೇ ಕಷ್ಟದ ಕೆಲಸ ಎಬ್ಬಿಸುವುದು. 300 ಕಿಲೋ ಮೈ ಗಂಟೆಗಟ್ಟಲೆ ಅಂಗಾತ ಮಲಗಿದರೆ ಅದರ ಭಾರವೇ ಸ್ನಾಯುಗಳನ್ನು, ಶ್ವಾಸಕೋಶವನ್ನು ಒತ್ತುತ್ತದೆ. ಎಚ್ಚರವಾಗುತ್ತಲೇ ಗಾಬರಿಯಿಂದ ಏಳಲು ಹೋಗಿ ಕಾಲು ಮುರಿದುಕೊಳ್ಳುವುದೂ ಉಂಟು. ಅದಕ್ಕೇ ಗೋಡೆಗೆಲ್ಲ ಮೆತ್ತೆ ಹಾಕಿದ ಕೋಣೆ ಬೇಕು.

ಗಾಯ: ಸಣ್ಣ ತೂತನ್ನು ಸಣ್ಣದು ಅನ್ನಬೇಡಿ

ತೊಡೆಯ ಮೇಲೆ ಅಂಗೈ ಅಗಲ ಹರಿದಿದ್ದರೆ ನೋಡಲು ಭಯಂಕರ, ಆದರೆ ಅಲ್ಲಿ ಮಾಂಸ ಇದೆ, ಕೂಡಿಕೊಳ್ಳುತ್ತದೆ. ಮೊಣಕಾಲಿನ ಪಕ್ಕ ಕಡಲೆ ಕಾಳಿನಷ್ಟು ತೂತು ಬಿದ್ದಿದ್ದರೆ ಕುದುರೆಯೇ ಹೋಗಬಹುದು. ಕೀಲಿನ ಒಳಕ್ಕೆ ಕೊಳೆ ಇಳಿದರೆ ಕೆಲವೇ ದಿನದಲ್ಲಿ ಕೀಲು ನಾಶ.

ನಮ್ಮ ಓಣಿಯ ಟಾಂಗಾ ಚಾಚಾ ಒಂದು ಸಲ ಮುಂಜಾನೆ ಕರೆದರು. ಕುದುರೆ ಮುಳ್ಳುತಂತಿಗೆ ಸಿಕ್ಕಿತ್ತು. "ಏನಿಲ್ಲ ಬೇಟಾ, ಸಣ್ಣ ಗಾಯ, ಅರಿಶಿನ ಹಚ್ಚೀನಿ" ಅಂದರು. "ಚಾಚಾ, ಕಾಲು ಊರ್ತದೇನ್ರಿ?" ಅಂದೆ. ಊರುತ್ತಿತ್ತು, ಆದರೆ ಅಳುಕಿ. ಅರಿಶಿನ ತೊಳೆದು ನೋಡಿದರೆ ಕೀಲಿನ ಪಕ್ಕದ ತೂತಿನಿಂದ ಒಂದು ಹಳದಿ ಹನಿ. ಎರಡು ಬೆರಳಿನ ನಡುವೆ ಹಿಡಿದು ಎಳೆದೆ. ಮೊಟ್ಟೆಯ ಬಿಳಿಯ ಹಾಗೆ ನೂಲು ಬಂತು. ಅದು ಕೀಲಿನ ಎಣ್ಣೆ. ಕೂಡಲೇ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಗಾಯದಿಂದ ದೂರ, ಶುದ್ಧ ಜಾಗದಿಂದ ಕೀಲಿಗೆ ಸೂಜಿ ಹಾಕಿ ಸಲೈನ್ ತುಂಬಿದರು. ತೂತಿನಿಂದ ಸಲೈನ್ ಚಿಮ್ಮಿತು, ಕೀಲು ತೆರೆದಿದ್ದು ಖಾತ್ರಿಯಾಯಿತು. ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದರು. ಅದೇ ದಿನ ಹೋದದ್ದಕ್ಕೆ ಉಳಿಯಿತು. ಆ ಕುದುರೆ ಮತ್ತೆ ಟಾಂಗಾ ಎಳೆಯಿತು.

ಹಾಗಾಗಿ ಗಾಯದ ಉದ್ದ ಬಿಡಿ, ಜಾಗ ನೋಡಿ. ಕೀಲು, ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ), ಗೊರಸಿನ ತಳ, ಕಣ್ಣು, ಎದೆ, ಹೊಟ್ಟೆ ಈ ಆರು ಕಡೆ ಆದರೆ ಡಾಕ್ಟರ್ ಬೇಕೇ ಬೇಕು. ಕಾಲು ಊರಿದಾಗ ಗೊರಸಿನ ಮುಂತುದಿ ಮೇಲಕ್ಕೆ ಎದ್ದರೆ ಹಿಂದಿನ ಆಳದ ರಜ್ಜು ತುಂಡಾಗಿದೆ. ಗೊರಸು ಮುಂದಕ್ಕೆ ಮಡಚಿ ಎಡವುತ್ತಿದ್ದರೆ ಮುಂದಿನ ರಜ್ಜು, ಅದು ಎಷ್ಟೋ ಸಲ ಕಟ್ಟು ಹಾಕಿದರೆ ಕೂಡುತ್ತದೆ.

ಗೊರಸಿನ ತಳಕ್ಕೆ ಮೊಳೆ ಚುಚ್ಚಿದರೆ ಕಿತ್ತು ಎಸೆಯುವ ಮೊದಲು ಫೋಟೋ ತೆಗೆಯಿರಿ. ಯಾವ ಜಾಗ, ಎಷ್ಟು ಆಳ, ಯಾವ ಕಡೆಗೆ ವಾಲಿದೆ ಅನ್ನುವುದರ ಮೇಲೆ ಚಿಕಿತ್ಸೆ ನಿಂತಿದೆ. ಡಾಕ್ಟರ್ ಬೇಗ ಬರುವಂತಿದ್ದರೆ ಹಾಗೇ ಬಿಟ್ಟು, ಮೊಳೆ ಒಳಕ್ಕೆ ಹೋಗದಂತೆ ಸುತ್ತ ಬಟ್ಟೆ ಕಟ್ಟಿ ನಿಲ್ಲಿಸಿ. ತಳದ ನಡುವಿನ ಮೆತ್ತನೆ ತ್ರಿಕೋನದ ಮಧ್ಯಭಾಗದಲ್ಲಿ ಚುಚ್ಚಿದ್ದರೆ ಅದರ ಮೇಲೆಯೇ ರಜ್ಜು, ಸಣ್ಣ ಎಲುಬು, ಕೀಲು ಇವೆ. ಅದು ಆಪರೇಷನ್ ಕೇಸು.

ರಕ್ತ ಹರಿಯುತ್ತಿದ್ದರೆ ಮಡಚಿದ ಶುದ್ಧ ಬಟ್ಟೆ ಒತ್ತಿ, 15 ನಿಮಿಷ ಎತ್ತಿ ನೋಡದೆ ಹಿಡಿಯಿರಿ. ತೊಳೆಯಲು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಮ ಮಾಡಿದ ಒಂದೂವರೆ ಸಣ್ಣ ಚಮಚದಷ್ಟು. ಸುಣ್ಣ, ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್, ಚಹಾಪುಡಿ ಯಾವುದೂ ಬೇಡ. ಹೊಲಿಗೆ ಹಾಕಬೇಕಾದ ಗಾಯವಾದರೆ ಆರೇಳು ಗಂಟೆಯೊಳಗೆ ತೋರಿಸಿ.

ಹೋರಿ ತಿವಿದು ಹೊಟ್ಟೆ ಸೀಳಿ ಕರುಳು ಹೊರಬಂದಿದ್ದರೆ ಒಳಕ್ಕೆ ತುರುಕಬೇಡಿ. ಉಪ್ಪುನೀರಿನಲ್ಲಿ ನೆನೆಸಿದ ಶುದ್ಧ ಪಂಚೆಯಲ್ಲಿ ಕರುಳನ್ನು ಎತ್ತಿ ಹಿಡಿದು, ಬೆನ್ನ ಸುತ್ತ ಕಟ್ಟಿ, ಒದ್ದೆಯಾಗಿಡುತ್ತಾ ಆಸ್ಪತ್ರೆಗೆ ಒಯ್ಯಿರಿ. ಮುಂಗಾಲಿನ ಕಂಕುಳಲ್ಲಿ ಗಾಯವಾದರೆ ನಡೆಸಬೇಡಿ. ಪ್ರತಿ ಹೆಜ್ಜೆಗೂ ಗಾಳಿ ಒಳಗೆ ಎಳೆದುಕೊಂಡು ಚರ್ಮದ ಕೆಳಗೆಲ್ಲ ಉಬ್ಬುತ್ತದೆ.

ಮೊಣಕಾಲಿನ ಕೆಳಗಿನ ಗಾಯ ವಾರಗಳಾದರೂ ಮುಚ್ಚದೆ ಹೂಕೋಸಿನ ಹಾಗೆ ಕೆಂಪು ಮಾಂಸ ಬೆಳೆಯುತ್ತದೆ. ಅದನ್ನು ಸುಡಲು ನೀಲಿತುತ್ತ ಹಚ್ಚುತ್ತಾರೆ, ಆರೋಗ್ಯದ ಚರ್ಮವೂ ಸುಡುತ್ತದೆ. ಆ ಮಾಂಸಕ್ಕೆ ನರ ಇಲ್ಲ, ಡಾಕ್ಟರ್ ಚಾಕುವಿನಿಂದ ಕೆತ್ತಿದರೆ ನೋವಾಗುವುದಿಲ್ಲ, ರಕ್ತ ಮಾತ್ರ ಧಾರಾಳ ಬರುತ್ತದೆ. ಆಮೇಲೆ ಬಿಗಿಯಾದ ಕಟ್ಟು.

ಒಂದು ಗಾಯಕ್ಕೆ ಮಾತ್ರ ಯಾವ ಮದ್ದನ್ನೂ ಹಚ್ಚಬೇಡಿ. ಮೂಗಿನೊಳಗೆ ಹುಣ್ಣು, ಅಂಟು ಸಿಂಬಳ, ಕಾಲಿನ ಒಳಮೈಯಲ್ಲಿ ಸಾಲಾಗಿ ಗಂಟು ಎದ್ದು ಒಡೆದು ಕೀವು. ಇದು ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೂ ಅಂಟಿ ಪ್ರಾಣ ತೆಗೆಯುತ್ತದೆ. ನಮ್ಮ ದೇಶದಲ್ಲಿ 1899ರಲ್ಲೇ ಇದಕ್ಕಾಗಿ ಕಾಯ್ದೆ ಬಂದಿತ್ತು. ಕೈಗವಸಿಲ್ಲದೆ ಮುಟ್ಟಬೇಡಿ, ಕುದುರೆಯನ್ನು ಬೇರೆ ಕಟ್ಟಿ ಪಶು ಇಲಾಖೆಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಧನುರ್ವಾಯು. ಇದರ ರೋಗಾಣು ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲೇ ಇದೆ. ಕುದುರೆಯಷ್ಟು ಬೇಗ ಇದಕ್ಕೆ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಕಿವಿ ಸೆಟೆದು, ಬಾಲ ಎತ್ತಿ, ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಅಡ್ಡ ಬಂದರೆ ಆಗಲೇ ಹೊತ್ತಾಗಿದೆ. ಮೊದಲು ನಾಲ್ಕಾರು ವಾರದ ಅಂತರದಲ್ಲಿ ಎರಡು ಲಸಿಕೆ, ಆಮೇಲೆ ವರ್ಷಕ್ಕೊಂದು. ಗಾಯವಾದಾಗ, ಹೊಟ್ಟೆ ಆಪರೇಷನ್ ಆದಾಗ ಡಾಕ್ಟರ್ ಮೊದಲು ಕೇಳುವ ಪ್ರಶ್ನೆ ಇದೇ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ

ಎಲ್ಲರಿಗೂ ತಿನ್ನಿಸುವ ಆತುರ. ಮೊದಲ ಹಿಡಿ ಹಸಿಹುಲ್ಲು ಯಾವಾಗ ಅಂತ ಡಾಕ್ಟರೇ ಹೇಳಬೇಕು. ಕರುಳು ಇನ್ನೂ ಮಂಕಾಗಿದ್ದರೆ ತಿಂದದ್ದು ನಿಂತು ಮತ್ತೆ ಅದೇ ಕತೆ. ಹೊಲಿಗೆಯ ಕೆಳಗೆ ದಿನಾ ಕೈ ಆಡಿಸಿ ನೋಡಿ. ಮೊದಲ ದಿನಗಳ ಮೆತ್ತನೆ ಊತ ಸಹಜ. ಬಿಸಿಯಾಗಿ, ನೋವಾಗಿ, ಒಸರುತ್ತಿದ್ದರೆ ಕೀವಾಗುತ್ತಿದೆ. ನಾಲ್ಕೂ ಗೊರಸು ಮುಟ್ಟಿ ಬಿಸಿ ನೋಡಿ. ಎರಡು ತಿಂಗಳು ಲಾಯದಲ್ಲೇ, ಹಗ್ಗ ಹಿಡಿದು ಮೆಲ್ಲಗೆ ನಡೆಸುವುದಷ್ಟೇ. ಮೂರು ತಿಂಗಳೊಳಗೆ ಮೆರವಣಿಗೆಗೆ ಒಪ್ಪಿಕೊಳ್ಳಬೇಡಿ, ಸೀಸನ್ ಹೋದರೆ ಹೋಗಲಿ. ನಡುಗೆರೆಯ ಹೊಲಿಗೆಗೆ ಬಲ ಬರಲು ಅಷ್ಟು ದಿನ ಬೇಕೇ ಬೇಕು.

ನಮ್ಮ ಲಾಯದ ಬಾಗಿಲ ಹಿಂದೆ ಈಗ ಸುಣ್ಣದಲ್ಲಿ ಮೂರು ಹೆಸರು, ಅದರ ಮುಂದೆ 34, 36, 40 ಅಂತ ಬರೆದಿದೆ. ಮೂರೂ ಕುದುರೆಗಳು ಆರಾಮಾಗಿರುವಾಗಿನ ನಾಡಿ. ಪಕ್ಕದಲ್ಲಿ ಡಾಕ್ಟರ್ ನಂಬರ್, 1962, ಗಾಡಿಯವನ ನಂಬರ್. ಕೆಳಗೆ ಒಂದು ಮೊಳೆಗೆ ಥರ್ಮಾಮೀಟರ್ ತೂಗುಹಾಕಿದೆ.